ಖುದ್ದಾಗಿ ಬರತಕ್ಕದ್ದು

ಗದಗದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ನೀಲವ್ವನ ಮಗಳಿಗೆ ಕೆನಡಾದಲ್ಲಿ ಓದಲು ಸೀಟು ಸಿಕ್ಕಿತ್ತು. ಓದಿಸುವಷ್ಟು ಹಣವಿದೆ, ಅದು ಇಂಥವರದು ಎಂದು ಬ್ಯಾಂಕು ಪತ್ರ ಕೊಟ್ಟರೆ ಮಾತ್ರ ವೀಸಾ. ಹೊಸ ಮ್ಯಾನೇಜರು ಅವಳ ಪಾಸ್‌ಬುಕ್ಕನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿದರು.

"ಅಡುಗಿ ಮಾಡಾಕಿ ಖಾತೇದಾಗ ಒಮ್ಮಿಗೇ ಇಪ್ಪತ್ತೈದು ಲಕ್ಷ ಹೆಂಗ ಬಂತು?"

"ನನ್ನ ಗಂಡ ಕೊಟ್ಟಿದ್ದು, ಸಾಹೇಬ್ರ."

"ಹಂಗಾದ್ರ ಅವನ್ನ ಕಳಿಸು. ನನ್ನ ಎದುರಿಗೆ ನಿಂತು ಸಹಿ ಮಾಡ್ಲಿ. ಅಲ್ಲೀತನಕ ಪತ್ರ ಇಲ್ಲ."

ಬೇಕಾದ ಕಾಗದ ನೀಲವ್ವನ ಚೀಲದಲ್ಲೇ ಇತ್ತು. ಅವಳು ತೆಗೆಯಲಿಲ್ಲ.

"ನಾ ಕರೆದ್ರ ಬರಂಗಿಲ್ರೀ. ನೀವ ಒಂದು ಚೀಟಿ ಬರಕೊಡ್ರಿ, ಶಿಕ್ಕಾ ಹೊಡದು."

ಹೆಂಡತಿಯ ಮಾತು ಕೇಳದವನು ತನ್ನ ಮಾತು ಕೇಳುತ್ತಾನೆಂದು ಮ್ಯಾನೇಜರು ಹಿಗ್ಗಿದರು. 'ಫಕೀರಪ್ಪ ಇವರು ಕೂಡಲೇ ಖುದ್ದಾಗಿ ಬರತಕ್ಕದ್ದು' ಎಂದು ಬರೆದು ಬ್ಯಾಂಕಿನ ಮುದ್ರೆ ಒತ್ತಿ, ಲಕೋಟೆಯ ಮೇಲೆ ಬರೆಯಲು ವಿಳಾಸ ಕೇಳಿದರು.

ನೀಲವ್ವ ಆಗ ಗಂಡನ ಮರಣ ಪ್ರಮಾಣಪತ್ರ, ಪರಿಹಾರದ ಆದೇಶ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ಲೈನ್‌ಮನ್ ಇದ್ರು. ಹೋದ ವರ್ಷ ಕರೆಂಟ್ ಕಂಬದ ಮ್ಯಾಲೇ ತೀರಿಕೊಂಡ್ರು. ಈ ರೊಕ್ಕ ಅದರ ಪರಿಹಾರ. ಈಗಿನ ವಿಳಾಸ ನನಗೂ ಗೊತ್ತಿಲ್ರೀ."

ಮ್ಯಾನೇಜರು ಎರಡೂ ಕಾಗದಗಳನ್ನು ಓದಿದರು. ಕಾಲು ಗಂಟೆಯಲ್ಲಿ ವೀಸಾದ ಪತ್ರ ಅವಳ ಕೈಗೆ ಬಂತು. ಮೊದಲಿನ ಚೀಟಿಯನ್ನು ಹರಿಯಲೆಂದು ಅವರು ಎತ್ತಿಕೊಂಡರು.

"ಹರೀಬ್ಯಾಡ್ರಿ, ಅದನ್ನೂ ನನಗ ಕೊಡ್ರಿ," ಎಂದಳು ನೀಲವ್ವ. "ಎಲ್ಲಾ ಆಫೀಸಿನವ್ರೂ ಅವ್ರು ಇಲ್ಲಂತ ಬರಕೊಟ್ರು. ಬಾ ಅಂತ ಬರದವ್ರು ನೀವೊಬ್ರ."