ತೂತಿಗೆ ಹೆದರಿದ ತೇಗದ ಅಚ್ಚು

ಗುರುಬಸಪ್ಪನವರ ಮೇಜಿನ ಮೇಲೆ, ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆಗೆಂದು ಕೆತ್ತಿದ ತೇಗದ ಅಚ್ಚೊಂದಿತ್ತು. ಅದರ ಕುಳಿಗಳೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಆದರೇನು ಬಂತು! ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಕೆಳಗಿನಿಂದ ವ್ಯಾಕ್ಯೂಮ್ ಕ್ಲೀನರಿನಲ್ಲಿ ಗಾಳಿ ಎಳೆದರೆ, ಹಾಳೆ ಕುಳಿಗೆ ಇಳಿಯದೆ ಮೇಲೆಯೇ ಚಪ್ಪರದಂತೆ ನಿಂತುಬಿಡುತ್ತಿತ್ತು.

"ತೂತು ಕೊರೆದು ಇನ್ನೊಂದು ಸಲ ನೋಡ್ತೀನಿ. ಆಗಲಿಲ್ಲವೋ, ಬಚ್ಚಲ ಒಲೆಗೆ" ಎಂದು ಯಜಮಾನರು ಡ್ರಿಲ್ ತರಲು ಎದ್ದರು.

ತೇಗ ನಡುಗಿತು. ಪಕ್ಕದ ಪ್ಲಾಸ್ಟರ್ ಅಚ್ಚು ಕೇಳಿತು: "ಒಲೆಗೆ ಹೆದರಿದೆಯಾ ಅಣ್ಣಾ?"

"ಒಲೆಗಲ್ಲವೋ, ಡ್ರಿಲ್ಲಿಗೆ! ನಮ್ಮ ಕುಲದಲ್ಲಿ ತೂತು ಬಿತ್ತೆಂದರೆ ಹುಳ ಹಿಡಿಯಿತೆಂದೇ ಅರ್ಥ. ನಮ್ಮಪ್ಪ ಬಾಗಿಲಾಗಿ ನಿಂತವನು. ಸೂಜಿ ತೂರುವಷ್ಟೂ ಸಂದು ಕೊಟ್ಟವನಲ್ಲ."

"ಗಾಳಿ ತಡೆಯುವುದು ಬಾಗಿಲಿಗೆ ಸರಿ. ನಿನ್ನ ಕುಳಿಯಲ್ಲಿ ಕೂತ ಗಾಳಿ ಹೊರಟರೆ ತಾನೇ ಹಾಳೆಗೆ ಜಾಗ? ನನ್ನ ಮೈಯ ಸಣ್ಣ ರಂಧ್ರಗಳು ಹುಟ್ಟಿನಿಂದಲೇ ಬಂದವು, ನೋವಾಗಲಿಲ್ಲ. ನಿನಗೆ ಆಗುತ್ತೆ ಅಣ್ಣಾ, ಸುಳ್ಳು ಹೇಳಲಾರೆ."

ಡ್ರಿಲ್ ಬಂತು. ಮೈಯೊಳಗಿನ ಮರದ ಗಂಟು ಬಿಗಿದರೆ ಡ್ರಿಲ್ಲಿನ ಮೊನೆ ಮುರಿಯುವ ಶಕ್ತಿ ತೇಗಕ್ಕಿತ್ತು. ಆದರೆ ಅದು ಹಲ್ಲು ಕಚ್ಚಿ, ಮೈ ಸಡಿಲ ಬಿಟ್ಟಿತು. ಕುಳಿಕುಳಿಯ ತಳದಲ್ಲೂ ಸಣ್ಣ ತೂತು ಬಿತ್ತು. ಮತ್ತೆ ಬಿಸಿ ಹಾಳೆ ಹೊದಿಸಿದಾಗ ಗಾಳಿ ಸುಯ್ಯೆಂದು ಹೊರಟುಹೋಯಿತು, ಹಾಳೆ ಪ್ರತಿ ಕುಳಿಗೂ ಮೆಲ್ಲನೆ ಇಳಿಯಿತು.

"ಅಬ್ಬಾ, ಹೊಸಲಲ್ಲೇ ನಿಂತು ಕಾಲು ಸೋತಿತ್ತು ಮಾರಾಯ!" ಎಂದಿತು ಹಾಳೆ.

"ಬಾಪ್ಪಾ, ಒಳಗೆ ಬಾ, ಆರಾಮಾಗಿ ಕೂತ್ಕೋ" ಎಂದಿತು ತೇಗ.