ಖಾಲಿ ಉಳಿದ ಎಲೆ

ಪೂಜ್ಯ ಗುರುಶಾಂತಯ್ಯ ಅಜ್ಜನವರು ಅಂದು ಮಠದ ಪಡಸಾಲೆಯಲ್ಲಿ ಮಕ್ಕಳ ನಡುವೆ ಕುಳಿತು ಮೆಂತೆ ಸೊಪ್ಪು ಸೋಸುತ್ತಿದ್ದರು. ಅವರ ಪಾಠಶಾಲೆಯ ಕಟ್ಟಳೆ ಒಂದೇ: ಪಾಠ ಮೊದಲು ತಿಳಿದವರು ಉಳಿದವರಿಗೆ ಹೇಳಿಕೊಡಬೇಕು, ಅವರಿಗೆ ಬಡಿಸಿ ಕಡೆಗೆ ಉಣ್ಣಬೇಕು. ಈಗ ಇದನ್ನು ಹೇಳಿದರೆ ನಗುತ್ತಾರೆ. ಜಾಣತನವೂ ಜಾತಿಯಂತೆ ಬೇರೆ ಪಂಕ್ತಿ ಕೇಳುವ ಕಾಲವಿದು!

ಆಗ ಸಂಗಣ್ಣನೆಂಬ ಭಕ್ತ ಮಗಳು ಸಿಂಚನಾಳನ್ನು ಕರೆತಂದ. ಅವನ ತಂದೆ ಅದೇ ಮಠದಲ್ಲಿ ಕಲಿತು ಹತ್ತಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಸಂಗಣ್ಣ ಮಾತ್ರ ಪೇಟೆಯ ಶಾಲೆಯಲ್ಲಿ ರ‍್ಯಾಂಕಿನ ಬೆನ್ನು ಹತ್ತಿ ಬೆಳೆದವನು.

"ಅಜ್ಜಾರ, ಭಾಳ ಶಾಣ್ಯಾ ಹುಡುಗಿ. ಪ್ರತಿಭಾವಂತರಿಗಂತನ ಬ್ಯಾರೆ ಸಾಲಿ ಐತಿ, ಅಲ್ಲಿ ಸೀಟು ಸಿಗೂವಂಗ ಆಶೀರ್ವಾದ ಮಾಡ್ರಿ. ದಡ್ಡರ ಜೋಡಿ ಕುಂತು ಕೆಡಬಾರದು."

ಅಜ್ಜನವರು ಸಿಂಚನಾಳನ್ನೂ ಮಕ್ಕಳ ನಡುವೆ ಕೂರಿಸಿ ಎಲ್ಲರಿಗೂ ಒಂದು ಬಾಯಿಲೆಕ್ಕ ಕೇಳಿದರು. ಮಠದ ಹುಡುಗಿ ದ್ಯಾಮವ್ವ ಥಟ್ಟನೆ ಹೇಳಿಬಿಟ್ಟಳು. ಸಿಂಚನಾಳ ಮುಖ ಸಪ್ಪಗಾಯಿತು.

"ಬಸ್ಸಿನ ಪ್ರಯಾಣದಾಗ ದಣದಾಳ್ರಿ," ಎಂದ ಸಂಗಣ್ಣ.

"ಶಾಣ್ಯಾಕಿ ಅಂದಿಯಲ್ಲ, ಹಂಗಾದ್ರ ಇವತ್ತು ನಿನ್ನ ಮಗಳ ಬಡಸ್ಲಿ," ಎಂದು ಅಜ್ಜನವರು ನಕ್ಕರು.

ಪಂಕ್ತಿ ಕುಳಿತಿತು. ಸಿಂಚನಾ ಎಲ್ಲರಿಗೂ ನುಚ್ಚು ಬಡಿಸಿದಳು, ದ್ಯಾಮವ್ವನ ಎಲೆಯನ್ನು ಮಾತ್ರ ದಾಟಿ ನಡೆದಳು. ಬಡಿಸಲು ಮರೆತಿರಬೇಕೆಂದು ಆ ಕೂಸು ಕಾಯುತ್ತಿತ್ತು. ಅಯ್ಯೋ, ಆ ಮುಖ ಇಂದಿಗೂ ಮರೆಯದು.

"ಈ ತಂಗಿಗ್ಯಾಕ ನೀಡಲಿಲ್ಲವ್ವಾ?" ಎಂದು ಅಜ್ಜನವರು ಕೇಳಿದರು.

ಹುಡುಗಿ ಅಂಜಲಿಲ್ಲ. "ಆಕಿ ನನಗಿಂತ ಮುಂಚೆ ಉತ್ತರ ಹೇಳಿದ್ಲು. ಪೈಪೋಟಿಗೆ ನಿಂತವರಿಗೆ ಏನೂ ಕೊಡಬಾರದಂತ ಅಪ್ಪಾಜಿನ ಹೇಳ್ಯಾರ."

ಅಜ್ಜನವರು ಸಂಗಣ್ಣನತ್ತ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಆಶೀರ್ವಾದ ಯಾಕೋ ತಮ್ಮಾ? ನೀ ಕಲಿಸಿದ್ದನ್ನ ಪೂರಾ ಕಲತಾಳಲ್ಲ."

ಸಂಗಣ್ಣ ಎದ್ದು ಬಂದ. ಮಗಳ ಕೈಯಿಂದ ಸೌಟು ತೆಗೆದುಕೊಂಡು, ಮಂಡಿಯೂರಿ, ದ್ಯಾಮವ್ವನ ಎಲೆಗೆ ತಾನೇ ನುಚ್ಚು ಹಾಕಿದ.

ಸಿಂಚನಾ ಅವನ ಅಂಗಿ ಜಗ್ಗಿದಳು. "ಅಪ್ಪಾಜಿ, ನನ್ನ ಉತ್ತರ ತಪ್ಪಾತೇನು?"

"ಇಲ್ಲವ್ವಾ," ಎಂದು ಅವನು ಬಿಕ್ಕಿದ. "ನಿಂದು ಸರಿ ಐತಿ. ಪಾಠನ ತಪ್ಪಿತ್ತು."

ಅಂದು ಅವನು ಎಲ್ಲರೂ ಉಂಡೆದ್ದ ಮೇಲೆ ಕಡೆಯವನಾಗಿ ಉಂಡ. ಮಗಳನ್ನು ಆ ಶಾಲೆಗೆ ಕಳಿಸಲಿಲ್ಲ. ಆದರೆ ಅಜ್ಜನವರು ಲಿಂಗೈಕ್ಯರಾದ ಮೇಲೆ ಪಾಠಶಾಲೆ ಮುಚ್ಚಿತು. ಆ ಪಡಸಾಲೆಯಲ್ಲಿ ಈಗ ಜಾಣರಿಗಷ್ಟೇ ಪ್ರವೇಶವಿರುವ ಟ್ಯೂಷನ್ ನಡೆಯುತ್ತದೆ. ಅಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಡಬ್ಬಿ ತಂದು, ಗೋಡೆಗೆ ಮುಖ ಮಾಡಿ ಉಣ್ಣುತ್ತಾರೆ.