ಯಾರೂ ಕಡಿಯದ ಗುಲಾಬಿ

ಮಕ್ಕಳೇ, ಕೆಂಚಿಹೊಳೆಯ ಪಡುವಣ ದಡದಲ್ಲಿ ಒಂದು ಕುರುಚಲು ಕಾಡಿದೆ. ಆ ಕಾಡಿನಲ್ಲಿ ಮೊಲಗಳದೇ ಒಂದು ಕೇರಿ. ಪೊದೆಗೊಂದು ಮನೆ, ಮನೆಗೊಂದು ಅಂಗೈಯಗಲದ ಹಿತ್ತಲು. ಒಂದು ಮನೆಯಲ್ಲಿ ಮರಿ ಸೀನಿದರೆ ಪಕ್ಕದ ಮನೆಯವರು "ನೂರ್ಕಾಲ ಬಾಳು" ಎನ್ನುತ್ತಿದ್ದರು, ಅಷ್ಟು ಹತ್ತಿರ ಹತ್ತಿರ.

ಕೇರಿಯ ಕೊನೆಯ ಮನೆ ತುಂಬಕ್ಕನದು. ಗಂಡ ಹುರುಳಣ್ಣ ಬಲು ಸಾಧು ಮೊಲ. ಅವನು ಬಾಯಿ ತೆರೆಯುತ್ತಿದ್ದುದು ಹೆಚ್ಚಾಗಿ ತಿನ್ನುವುದಕ್ಕೆ. ಇಬ್ಬರೂ ಸೇರಿ ಹಿತ್ತಲಲ್ಲಿ ಮೆಂತ್ಯ, ದೊಡ್ಡಪತ್ರೆ, ಒಂದಿಷ್ಟು ಗರಿಕೆ ಬೆಳೆಸಿದ್ದರು. ಮೂಲೆಯಲ್ಲಿ ಒಂದು ಪನ್ನೀರು ಗುಲಾಬಿ ಗಿಡವಿತ್ತು. ತುಂಬಕ್ಕನ ಜೀವವೆಲ್ಲ ಅದರಲ್ಲೇ.

ಅದು ತವರಿನ ಗಿಡ. ಹೊಳೆಯ ಆಚೆ ದಡದಲ್ಲಿ ಅವಳ ಅವ್ವನ ಹಿತ್ತಲಿತ್ತು. ಮಳೆಗಾಲದ ಬೆಳಗ್ಗೆ ಎದ್ದರೆ ಆ ಹಿತ್ತಲೆಲ್ಲ ಗುಲಾಬಿಯ ಘಮ. ಅವ್ವ ಮಕ್ಕಳನ್ನು ಗಿಡದ ಬುಡದಲ್ಲಿ ಕೂರಿಸಿಕೊಂಡು ಕಿವಿ ನೆಕ್ಕಿ ಒಪ್ಪ ಮಾಡುತ್ತಿದ್ದಳು. ಒಂದು ವರ್ಷ ಹೊಳೆ ಉಕ್ಕಿ ಹಿತ್ತಲನ್ನು ಕೊಚ್ಚಿಕೊಂಡು ಹೋಯಿತು. ಅವ್ವ ಅಲ್ಲೇ ಮೇಲಿನ ದಿಣ್ಣೆಯಲ್ಲಿದ್ದ ದೊಡ್ಡ ಮಗಳ ಮನೆ ಸೇರಿದಳು. ದಡದ ಕೆಸರಿನಲ್ಲಿ ಸಿಕ್ಕಿದ ಗುಲಾಬಿಯ ಒಂದೇ ಒಂದು ಕಡ್ಡಿಯನ್ನು ತುಂಬಕ್ಕ ಬಾಯಲ್ಲಿ ಕಚ್ಚಿಕೊಂಡು ಬಂದು ನೆಟ್ಟಿದ್ದಳು.

ಕಡ್ಡಿ ಬೇರು ಬಿಟ್ಟಿತು, ಗಿಡವಾಯಿತು, ಹುರುಳಣ್ಣ ಹಿಂಗಾಲ ಮೇಲೆ ನಿಂತರೂ ತುದಿ ಎಟುಕದಷ್ಟು ಬೆಳೆಯಿತು. ಹೂವು ಮಾತ್ರ ಬಿಡಲಿಲ್ಲ. ತುಂಬಕ್ಕ ದಿನಾ ಬೆಳಗ್ಗೆ ಎದ್ದವಳೇ ಕೊಂಬೆ ಕೊಂಬೆಗೂ ಮೂಗಿಟ್ಟು ನೋಡುತ್ತಿದ್ದಳು. ಬರೀ ಎಲೆಯ ವಾಸನೆ. ಮೇಲ್ದುಟಿಯ ಮೇಲಿದ್ದ ಹಳೆಯ ಗಾಯದ ಗುರುತನ್ನು ನಾಲಿಗೆಯಿಂದ ಸವರುತ್ತಾ ಹೊಳೆಯ ಕಡೆ ನೋಡುತ್ತಾ ಕೂರುವಳು. ಆ ಗಾಯ ಯಾವಾಗ ಆಗಿದ್ದೆಂದು ಅವಳಿಗೆ ನೆನಪಿರಲಿಲ್ಲ. ಆ ಘಮ ಮಾತ್ರ ಚೆನ್ನಾಗಿ ನೆನಪಿತ್ತು.

ಮೊಲಗಳಲ್ಲಿ ಕಡಿಹಬ್ಬ ಅಂತ ಒಂದು ಹಬ್ಬವಿದೆ. ಬೇಸಿಗೆ ಮುಗಿದು ಮೊದಲ ಮೋಡ ಕಟ್ಟಿದಾಗ ಕೇರಿಯವರೆಲ್ಲ ಮನೆಮನೆಗೂ ಹೋಗುತ್ತಾರೆ. ಹಿತ್ತಲಲ್ಲಿರುವ ಪ್ರತಿ ಗಿಡವನ್ನೂ ಅಷ್ಟಷ್ಟು ಕಡಿದು, "ನಮ್ಮ ಹಲ್ಲು ತಾಗಿತು, ನಿಮ್ಮ ಗಿಡ ಚಿಗುರಲಿ" ಎಂದು ಹರಸಿ ಮುಂದಿನ ಮನೆಗೆ ನಡೆಯುತ್ತಾರೆ. ಮೊಲದ ಹಲ್ಲಿಗೆ ಸುಮ್ಮನಿದ್ದು ಗೊತ್ತಿಲ್ಲ ನೋಡಿ, ಹಬ್ಬ ಮಾಡಿಕೊಳ್ಳಲು ಅದೊಂದು ನೆವ.

ತುಂಬಕ್ಕ ಹಬ್ಬದ ಹಿಂದಿನ ದಿನವೇ ಜಾಲಿಮುಳ್ಳು ತಂದು ಗುಲಾಬಿಯ ಸುತ್ತ ಬೇಲಿ ಕಟ್ಟಿಬಿಡುತ್ತಿದ್ದಳು.

ಈ ಸಲ ಪಕ್ಕದ ಮನೆಯ ಸಬ್ಬಕ್ಕನಿಗೆ ತಡೆಯಲಾಗಲಿಲ್ಲ. "ಏನೇ ತುಂಬಕ್ಕ, ಹಬ್ಬದ ದಿನ ಬೇಲಿನಾ? ನಾವೇನು ಕಳ್ಳರಾ?"

"ಮೆಂತ್ಯ ಕಡಿ, ದೊಡ್ಡಪತ್ರೆ ಕಡಿ, ಬೇಕಾದರೆ ಬುಡಸಮೇತ ತಿನ್ನು. ಇದೊಂದು ಬಿಟ್ಟುಬಿಡು. ಇದು ನಮ್ಮವ್ವನ ಗಿಡ."

"ನಿಮ್ಮವ್ವನ ಗಿಡಕ್ಕೆ ನಮ್ಮ ಹಲ್ಲು ಮೈಲಿಗೆಯಾ?"

"ಹಾಗೇ ಅಂದುಕೋ!"

ಮಾತು ಬಾಯಿಂದ ಜಾರಿಬಿಟ್ಟಿತು. ಸಬ್ಬಕ್ಕ ಮೆಂತ್ಯವನ್ನೂ ಮುಟ್ಟದೆ ಹೊರಟುಹೋದಳು. ಅವಳ ಹಿಂದೆ ಉಳಿದವರೂ ಹೋದರು. ಅಂದಿನಿಂದ ತುಂಬಕ್ಕನ ಮನೆಯಲ್ಲಿ ಯಾರು ಸೀನಿದರೂ ಪಕ್ಕದ ಮನೆಯಿಂದ ಸದ್ದಿಲ್ಲ.

ಅದೇ ವಾರ ಮಿಂಚುಳ್ಳಿ ಹೊಳೆ ದಾಟಿ ಸುದ್ದಿ ತಂದಿತು. "ನಿಮ್ಮವ್ವ ಬರುತ್ತಾಳಂತೆ ಕಣೇ. ನೀರು ಏರುವುದರೊಳಗೆ ಮಗಳನ್ನೊಮ್ಮೆ ನೋಡಬೇಕಂತೆ."

ತುಂಬಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವ್ವ ಬರುವ ದಿನವಾದರೂ ಒಂದು ಹೂವು ಬಿಡಬಾರದೇ! ಒಂದೇ ಒಂದು ಸಾಕಿತ್ತು. ಗಿಡದ ಬುಡಕ್ಕೆ ತರಗೆಲೆ ಹಾಕಿದಳು, ಹೊಳೆಯಿಂದ ಪಾಚಿ ತಂದು ಹಾಕಿದಳು, ಬೇಲಿಗೆ ಇನ್ನೊಂದು ಸುತ್ತು ಮುಳ್ಳು ಕಟ್ಟಿದಳು. ಗಿಡ ಇನ್ನಷ್ಟು ಎತ್ತರ ಹೋಯಿತು, ಅಷ್ಟೇ.

ಅವ್ವ ದೊಡ್ಡ ಮಗಳ ಜೊತೆ ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಹೊಳೆ ದಾಟಿ ಬಂದಳು. ಮೈಯೆಲ್ಲ ನರೆತಿತ್ತು, ಮೊಣಕಾಲು ಬಾತಿತ್ತು. ಹಿತ್ತಲಿಗೆ ಬಂದವಳೇ ಮೂಗನ್ನು ಗಾಳಿಗೆ ಒಡ್ಡಿ ನಿಂತಳು.

"ತುಂಬೀ, ಗಿಡ ಇದೆ ಅಂದಿದ್ದೆ. ಘಮವೇ ಇಲ್ಲವಲ್ಲ ಮಗಾ?"

"ಹೂವೇ ಬಿಡುವುದಿಲ್ಲ ಕಣವ್ವ." ತುಂಬಕ್ಕ ಬೇಲಿಯತ್ತ ಮೂಗು ಚಾಚಿ ತೋರಿಸಿದಳು. "ನಾನು ಎಷ್ಟು ಜೋಪಾನ ಮಾಡಿದ್ದೀನಿ ಗೊತ್ತಾ? ಇಷ್ಟು ವರ್ಷದಲ್ಲಿ ಒಂದು ಹಲ್ಲೂ ತಾಗಗೊಟ್ಟಿಲ್ಲ."

"ಒಂದು ಹಲ್ಲೂ?"

"ಒಂದೂ ಇಲ್ಲ!"

ಅವ್ವ ಬೇಲಿಯನ್ನು ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು. ಬೇಲಿಯ ಸಂದಿಯಲ್ಲಿ ನುಸುಳಿ, ಇದ್ದಬದ್ದ ಹಲ್ಲಿನಲ್ಲೇ ಕರಕರನೆ ಕೊಂಬೆ ಕಡಿಯತೊಡಗಿದಳು. ಒಂದು ಬಿತ್ತು, ಇನ್ನೊಂದು ಬಿತ್ತು. ತುಂಬಕ್ಕ ಕೂಗಿಕೊಂಡು ಮುಳ್ಳಿನ ನಡುವೆ ನುಸುಳಿ ಬರುವಷ್ಟರಲ್ಲಿ ಗಿಡ ಮೊಲದ ಕಿವಿಯೆತ್ತರದ ಮೋಟು ಪೊದೆಯಾಗಿತ್ತು.

"ಅವ್ವಾ! ಏನು ಮಾಡಿಬಿಟ್ಟೆ?"

"ಕಡಿಹಬ್ಬ ಮಾಡಿದೆ," ಎಂದಳು ಅವ್ವ ಏದುಸಿರು ಬಿಡುತ್ತಾ. "ನಮ್ಮ ಗಿಡಕ್ಕೆ ವರ್ಷ ವರ್ಷ ಇಡೀ ಕೇರಿ ಬಾಯಿ ಹಾಕುತ್ತಿತ್ತಲ್ಲೇ. ಹಾಗೆ ಕಡಿದಲ್ಲೇ ಹೊಸ ಚಿಗುರು, ಚಿಗುರಿನ ತುದಿಗೇ ಮೊಗ್ಗು. ನೀನೂ ಕಡಿದಿದ್ದೆ. ಮುಳ್ಳು ಚುಚ್ಚಿಸಿಕೊಂಡು ಅತ್ತಿದ್ದೆ. ತುಟಿಯ ಮೇಲೆ ಗುರುತು ಇನ್ನೂ ಇದೆ ನೋಡು. ಹೂವು ನೆನಪಿಟ್ಟುಕೊಂಡು ಹಲ್ಲು ಮರೆತೆಯಲ್ಲ ಮಗಾ! ಈ ತುಂಡುಗಳನ್ನ ಬಿಸಾಡಬೇಡ, ಕೇರಿಯವರಿಗೆ ಒಂದೊಂದು ಕೊಡು, ನೆಡಲಿ."

ತುಂಬಕ್ಕನ ಕಿವಿಗೆ ಅದೊಂದೂ ಹೋಗಲಿಲ್ಲ. "ತವರಿನದು ಅಂತ ಇದ್ದದ್ದು ಇದೊಂದೇ. ಅದನ್ನೂ ಕಿತ್ತುಕೊಂಡೆ. ನೀನು ಬರದೇ ಇದ್ದರೇ ಚೆನ್ನಾಗಿತ್ತು!"

ಮರುದಿನ ಮೋಡ ಕಪ್ಪಾಯಿತು. ಅವ್ವ ಒಂದು ತುಂಡು ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ದೊಡ್ಡ ಮಗಳ ಜೊತೆ ಮೆಲ್ಲಮೆಲ್ಲಗೆ ಹೊಳೆ ದಾಟಿಹೋದಳು. ತುಂಬಕ್ಕ ಕಳಿಸಿಕೊಡಲೂ ಹೋಗಲಿಲ್ಲ. ಸಂಜೆಗೆ ಮಳೆ ಹಿಡಿಯಿತು, ಹೊಳೆ ತುಂಬಿತು, ಬಂಡೆಗಳೆಲ್ಲ ಮುಳುಗಿದವು.

ಮಳೆ ಬಿಟ್ಟೂ ಬಿಡದೆ ಸುರಿಯುವಾಗ ಮೋಟು ಪೊದೆಯ ತುಂಬ ಕೆಂಪು ಕೆಂಪು ಚಿಗುರು ಬಂತು. ತುಂಬಕ್ಕ ನೋಡಿಯೂ ನೋಡದಂತೆ ಇದ್ದಳು. ಚಿಗುರಿನ ತುದಿಯಲ್ಲಿ ಮೊಗ್ಗು ಬಂತು. ಒಂದು ಬೆಳಗ್ಗೆ ಅವಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಆ ಘಮ ಮನೆಯೊಳಗೆ ಬಂದುಬಿಟ್ಟಿತು.

ಅವಳು ಓಡಿ ಹೋಗಿ ಗಿಡದ ಬುಡದಲ್ಲಿ ಕುಳಿತಳು. ಅದೇ ಘಮ. ಅವ್ವನ ನಾಲಿಗೆ ಕಿವಿಯ ಮೇಲೆ ಆಡಿದಂತಾಯಿತು. ತಿರುಗಿ ನೋಡಿದರೆ ಅವ್ವ ಎಲ್ಲಿ? ತುಂಬಿದ ಹೊಳೆ ಮಾತ್ರ ಕೆಂಪಗೆ ಹರಿಯುತ್ತಿತ್ತು. ಇಷ್ಟು ವರ್ಷ ಹೂವಿಲ್ಲವೆಂದು ಕೊರಗಿದ್ದಳು. ಈಗ ಹೂವಿದೆ, ಅವ್ವನಿಗೆ ಒಂದನ್ನು ತಾನೇ ಹೋಗಿ ಕೊಡೋಣವೆಂದರೆ ದಾರಿಯಿಲ್ಲ. ತಾನು ಆಡಿದ ಕೊನೆಯ ಮಾತು ನೆನಪಾಗಿ ತುಂಬಕ್ಕ ಬಿಕ್ಕಿಬಿಕ್ಕಿ ಅತ್ತಳು.

ಅತ್ತು ಸಾಕಾದ ಮೇಲೆ ಬೇಲಿಯ ಮುಳ್ಳನ್ನೆಲ್ಲ ಕಿತ್ತು ಹೊಳೆಗೆ ಎಸೆದಳು. ನೆಟ್ಟಗೆ ಸಬ್ಬಕ್ಕನ ಮನೆಗೆ ಹೋದಳು.

"ಸಬ್ಬಕ್ಕ, ತಪ್ಪಾಯಿತು ಕಣೇ. ಬಾ, ಹೂವು ಬಿಟ್ಟಿದೆ."

"ಗೊತ್ತು. ನಮಗೂ ಮೂಗಿದೆ," ಎಂದಳು ಸಬ್ಬಕ್ಕ ಮುಖ ಊದಿಸಿಕೊಂಡೇ. ಆಮೇಲೆ ಪಕ್ಕಕ್ಕೆ ಸರಿದು ತನ್ನ ಹಿತ್ತಲು ತೋರಿಸಿದಳು. ಅಲ್ಲೊಂದು ಗುಲಾಬಿ ಕಡ್ಡಿ, ಅದರಲ್ಲಿ ಎರಡೆಲೆ ಚಿಗುರು!

"ಇದು... ಯಾರು ಕೊಟ್ಟರು?"

"ಇನ್ಯಾರು, ನಿನ್ನ ಗಂಡ. ಅತ್ತೆ ಹೇಳಿದ್ದಾರೆ ಅಂತ ಮನೆಮನೆಗೂ ಕೊಟ್ಟು ಹೋದ. ಬಾಯಿ ಬಿಟ್ಟು ಆಡಿದ್ದು ಅಷ್ಟೇ ಮಾತು!"

ಇಬ್ಬರೂ ನಕ್ಕರು. ಅಂದು ಕೇರಿಗೆ ಕೇರಿಯೇ ತುಂಬಕ್ಕನ ಹಿತ್ತಲಿಗೆ ಬಂತು.

ಮುಂದಿನ ಬೇಸಿಗೆಯಲ್ಲಿ ಹೊಳೆ ಇಳಿಯಿತು. ಅವ್ವನ ಮೊಣಕಾಲು ಪೂರ್ತಿ ಕೈಕೊಟ್ಟಿತ್ತು, ಅವಳು ಬರಲಿಲ್ಲ. ಹೋಗೋಣವೆಂದರೆ ತುಂಬಕ್ಕನ ಮಡಿಲಲ್ಲಿ ಎಳೆಯ ಮರಿಗಳು. ಕಡಿಹಬ್ಬದ ದಿನ ತವರಿನ ಗಿಡಕ್ಕೆ ಅವಳೇ ಮೊದಲ ಹಲ್ಲು ಹಾಕಿ, "ಎಲ್ಲರೂ ಬನ್ನಿ" ಎಂದು ಕೂಗಿದಳು. ಎಲ್ಲರೂ ಬಂದರು. ಎಲ್ಲರ ಹಿತ್ತಲಿಗೂ ಎಲ್ಲರೂ ಹೋದರು.

ಆ ಮಳೆಗಾಲದಲ್ಲಿ ದಡದುದ್ದಕ್ಕೂ ಮನೆಮನೆಯಲ್ಲೂ ಗುಲಾಬಿ ಅರಳಿತು. ಪಡುವಣ ಗಾಳಿ ಬೀಸಿದಾಗಲೆಲ್ಲ ತುಂಬಕ್ಕ ಮರಿಗಳನ್ನು ಗಿಡದ ಬುಡದಲ್ಲಿ ಕೂರಿಸಿಕೊಂಡು ಕಿವಿ ನೆಕ್ಕುತ್ತಾ ಹೊಳೆಯ ಆಚೆಗೆ ನೋಡುತ್ತಿದ್ದಳು.

ಒಂದು ದಿನ ಮಿಂಚುಳ್ಳಿ ತುಂಬಿದ ಹೊಳೆಯ ಮೇಲೆ ಹಾರಿ ಬಂದು ಅವಳ ಎದುರು ಕುಳಿತಿತು.

"ನಿಮ್ಮವ್ವ ಹೇಳಿ ಕಳಿಸಿದ್ದಾಳೆ. ಗಾಳಿಯಲ್ಲಿ ಘಮ ಬಂತಂತೆ, ಇಡೀ ದಿಣ್ಣೆ ತುಂಬಿತಂತೆ. ಈ ಸಲ ಗಿಡ ಯಾರು ಕಡಿದದ್ದು ಅಂತ ಕೇಳುತ್ತಿದ್ದಾಳೆ."

ತುಂಬಕ್ಕ ತುಟಿಯ ಮೇಲಿನ ಗುರುತನ್ನು ನಾಲಿಗೆಯಿಂದ ಸವರಿಕೊಂಡಳು.

"ಎಲ್ಲರೂ ಅನ್ನು," ಎಂದಳು. "ಎಲ್ಲರೂ ಕಡಿದರು ಕಣವ್ವ ಅನ್ನು."

ನೀತಿ: ಪ್ರೀತಿಯದನ್ನು ಬೇಲಿಯೊಳಗೆ ಬಚ್ಚಿಟ್ಟರೆ ಅದು ಬೆಳೆದೀತು, ಅರಳದು, ನಾಲ್ವರೊಡನೆ ಹಂಚಿಕೊಂಡರೆ ಅದರ ಘಮ ನಾವು ಹೋಗಲಾಗದ ಕಡೆಗೂ ಹೋಗುತ್ತದೆ.